ಜಲ್ಲಿಯ ಕೆಳಗಿನ ಮಣ್ಣು: ರೈಲು ಮಾರ್ಗ ಕಟ್ಟುವ ಎಂಜಿನಿಯರ್ ಆಗಬಯಸುವವರಿಗೆ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ತಂದೆ ರೈಲ್ವೆಯಲ್ಲಿ ಕೀಮನ್. ಹೊಸ ಮಾರ್ಗ, ಸೇತುವೆ, ಸುರಂಗ ಕಟ್ಟುವ ಎಂಜಿನಿಯರ್ ಆಗಬೇಕೆಂಬುದು ನನ್ನ ಆಸೆ. ಸಹಪಾಠಿಗಳಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕಡೆ ಹೊರಟಿದ್ದಾರೆ. ಅಪ್ಪ ‘ಬಿಸಿಲಿನ ಕೆಲಸ ನಿನಗೆ ಬೇಡ, ಕಚೇರಿ ಕೆಲಸ ನೋಡಿಕೋ’ ಎನ್ನುತ್ತಾರೆ. ಈ ವೃತ್ತಿ ನಿಜಕ್ಕೂ ಹೇಗಿರುತ್ತದೆ? ಯಾವ ದಾರಿಯಲ್ಲಿ ಸೇರಬೇಕು? ಹೆಣ್ಣುಮಗಳೊಬ್ಬಳು ಸೈಟಿನಲ್ಲಿ ನಿಭಾಯಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಕೀಮನ್’ ಎಂಬ ಒಂದು ಪದ. ಬೆಳಗಾಗುತ್ತಲೇ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡಿದು ತಮ್ಮ ಪಾಲಿನ ಹಳಿಯನ್ನು ಉದ್ದಕ್ಕೂ ನಡೆದು ನೋಡಿ ಬರುವವರ ಮನೆಯಲ್ಲಿ ನೀವು ಬೆಳೆದಿದ್ದೀರಿ. ನಾನು ಮೂರು ದಶಕಕ್ಕೂ ಹೆಚ್ಚು ಕಾಲ ಮಾರ್ಗ ಕಟ್ಟುವ ಕೆಲಸದಲ್ಲಿದ್ದೆ. ನಾವು ಕಟ್ಟಿ ಮುಂದಿನ ಸೈಟಿಗೆ ಹೊರಟುಬಿಡುತ್ತೇವೆ. ನಾವು ಬಿಟ್ಟುಹೋದ ತಪ್ಪುಗಳನ್ನು ದಿನವೂ ಕಾಲಿನಲ್ಲಿ ಅಳೆಯುವವರು ನಿಮ್ಮ ತಂದೆಯಂಥವರು. ಅವರು ‘ಬೇಡ’ ಎನ್ನುವುದರ ಹಿಂದೆ ಏನಿದೆ ಎಂಬುದು ನನಗೆ ಗೊತ್ತು. ಆದರೂ ನನ್ನ ಉತ್ತರ ‘ಹೋಗಿ’ ಎಂದೇ. ಏನನ್ನು ತಿಳಿದುಕೊಂಡು ಹೋಗಬೇಕು ಎಂಬುದನ್ನಷ್ಟೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರೈಲ್ವೆ ನಿರ್ಮಾಣ ಎಂದ ಕೂಡಲೇ ಕಣ್ಣಿಗೆ ಬರುವುದು ಚಿನಾಬ್ ಸೇತುವೆ. ನದಿಯಿಂದ 359 ಮೀಟರ್ ಎತ್ತರ, ದಡದಿಂದ ದಡಕ್ಕೆ 467 ಮೀಟರ್ ಚಾಚಿದ ಉಕ್ಕಿನ ಕಮಾನು, 2025ರ ಜೂನ್‌ನಲ್ಲಿ ಉದ್ಘಾಟನೆ. ಹೆಮ್ಮೆಪಡಬೇಕಾದ ಕೆಲಸವೇ. ಆದರೆ ನಿಮ್ಮ ವೃತ್ತಿಜೀವನದ ಬಹುಪಾಲು ಅಂಥ ಕಮಾನಿನ ಮೇಲೆ ಕಳೆಯುವುದಿಲ್ಲ, ಮಣ್ಣಿನ ಏರಿಯ ಮೇಲೆ ಕಳೆಯುತ್ತದೆ. ಯಾವುದೇ ಹೊಸ ಮಾರ್ಗವನ್ನು ತೆಗೆದುಕೊಳ್ಳಿ, ಅದರ ಉದ್ದದ ಹೆಚ್ಚಿನ ಭಾಗ ತಗ್ಗಿನಲ್ಲಿ ಮಣ್ಣು ತುಂಬಿ ಎತ್ತರಿಸಿದ್ದು, ಇಲ್ಲವೇ ದಿಬ್ಬ ಕಡಿದು ತಗ್ಗಿಸಿದ್ದು. ಆ ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಸ್ಲೀಪರ್ ಎಂಬ ಅಡ್ಡ ತೊಲೆ, ಸ್ಲೀಪರ್ ಮೇಲೆ ಹಳಿ. ಹಳಿ ಸವೆದರೆ ಬದಲಿಸಬಹುದು, ಜಲ್ಲಿಯನ್ನು ಯಂತ್ರದಿಂದ ಜರಡಿ ಹಿಡಿಯಬಹುದು. ಕೆಳಗಿನ ಮಣ್ಣನ್ನು ಮಾತ್ರ ಒಮ್ಮೆ ರೈಲು ಓಡತೊಡಗಿದ ಮೇಲೆ ಯಾರೂ ಸುಲಭವಾಗಿ ತೆಗೆದು ಮತ್ತೆ ಹಾಕಲಾರರು. ನಾನು ಈ ಕೆಲಸದಲ್ಲಿ ಕಲಿತ ದೊಡ್ಡ ಪಾಠವೂ ಅಲ್ಲೇ ಇರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಏರಿಯ ಮಣ್ಣನ್ನು ತೆಳು ಪದರಗಳಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಓಡಿಸಿ ಗಟ್ಟಿ ಮಾಡುತ್ತಾರೆ. ಗಟ್ಟಿಯಾಯಿತೇ ಎಂದು ನೋಡುವುದು ಕಿರಿಯ ಎಂಜಿನಿಯರ್ ಕೆಲಸ. ಹತ್ತು ಸೆಂಟಿಮೀಟರ್ ವ್ಯಾಸದ, ಸುಮಾರು ಒಂದು ಲೀಟರ್ ಹಿಡಿಯುವ ಉಕ್ಕಿನ ಕೊಳವೆಯನ್ನು ಆ ಪದರದೊಳಕ್ಕೆ ಬಡಿದು ಇಳಿಸಬೇಕು. ಸುತ್ತಲಿನ ಮಣ್ಣನ್ನು ಬಿಡಿಸಿ ಕೊಳವೆಯನ್ನು ಮೆಲ್ಲಗೆ ಎತ್ತಬೇಕು. ಎರಡೂ ಬಾಯಿಗಳಲ್ಲಿ ಉಬ್ಬಿ ನಿಂತ ಮಣ್ಣನ್ನು ನೇರ ಅಂಚಿನ ಚಾಕುವಿನಿಂದ ಸವರಿ ತೂಗಬೇಕು. ಅದೇ ಮಣ್ಣಿನ ತೇವಾಂಶ ಅಳೆದು, ನೀರಿನ ತೂಕ ಕಳೆದು, ಒಣ ಸಾಂದ್ರತೆ ಎಷ್ಟು ಬಂತು ಎಂದು ಲೆಕ್ಕ ಹಾಕಬೇಕು. ಪ್ರಯೋಗಾಲಯದಲ್ಲಿ ಅದೇ ಮಣ್ಣಿಗೆ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ 97ಕ್ಕಿಂತ ಕಡಿಮೆ ಬಂದರೆ ಆ ಪದರ ನಪಾಸು. ಮತ್ತೆ ರೋಲರ್, ಮತ್ತೆ ಪರೀಕ್ಷೆ. ಬಿಸಿಲಲ್ಲಿ ಮಂಡಿಯೂರಿ ಒಂದು ಪರೀಕ್ಷೆ ಮುಗಿಸುವಷ್ಟರಲ್ಲಿ ಮುಂದಿನ ಪದರಕ್ಕೆ ಮಣ್ಣು ಹೊತ್ತ ಟಿಪ್ಪರ್‌ಗಳು ಹಿಂದೆ ಸಾಲುಗಟ್ಟಿ ನಿಂತು ಹಾರ್ನ್ ಬಾರಿಸುತ್ತಿರುತ್ತವೆ.

ಕೆಲಸಕ್ಕೆ ಸೇರಿ ಒಂದು ವರ್ಷ ತುಂಬುವ ಹೊತ್ತಿಗೆ ಇಂಥದೇ ಒಂದು ಸಂಜೆ ನಾನು ತಪ್ಪು ಮಾಡಿದೆ. ಸಣ್ಣ ಸೇತುವೆಯೊಂದರ ಗೋಡೆಯ ಹಿಂಬದಿ ತುಂಬುತ್ತಿದ್ದೆವು. ಗೋಡೆಗೆ ಪೆಟ್ಟಾಗುತ್ತದೆಂದು ದೊಡ್ಡ ರೋಲರ್ ಅನ್ನು ಅದರ ಹತ್ತಿರಕ್ಕೆ ಬಿಡುವಂತಿಲ್ಲ. ಕೈಯಲ್ಲಿ ನಡೆಸುವ ಸಣ್ಣ ಯಂತ್ರದಿಂದ, ಇನ್ನೂ ತೆಳುವಾದ ಪದರಗಳಲ್ಲಿ ದಮ್ಮಸ್ಸು ಮಾಡಬೇಕು. ನಿಧಾನದ ಕೆಲಸ. ಮೂರು ಪರೀಕ್ಷೆ ಪಾಸಾದವು, ನಾಲ್ಕನೆಯದು ಕಡಿಮೆ ಬಂತು. ಕತ್ತಲಾಗುತ್ತಿತ್ತು. ‘ಸರ್, ಇನ್ನೆರಡು ಸುತ್ತು ಹೊಡೆಸಿಬಿಡುತ್ತೇನೆ, ನೀವು ಬರೆದುಕೊಳ್ಳಿ’ ಎಂದ ಗುತ್ತಿಗೆದಾರರ ಮೇಸ್ತ್ರಿ. ನಾನು ಬರೆದುಕೊಂಡೆ. ಬೆಳಿಗ್ಗೆ ಹೋಗುವಷ್ಟರಲ್ಲಿ ಮೇಲೆ ಮತ್ತೊಂದು ಪದರ ಬಿದ್ದಿತ್ತು. ಮಾರ್ಗ ತೆರೆದ ಎರಡನೆಯ ಮಳೆಗಾಲದಲ್ಲಿ ಅದೇ ಗೋಡೆಯ ಹಿಂದೆ ಹಳಿ ಕುಸಿಯಿತು. ಅಪಘಾತವೇನೂ ಆಗಲಿಲ್ಲ. ಆದರೆ ತಿಂಗಳುಗಟ್ಟಲೆ ಪ್ರತಿಯೊಂದು ರೈಲೂ ಅಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ತೆವಳಿತು. ಅಲ್ಲಿನ ಗ್ಯಾಂಗ್‌ನವರು, ಎಂದರೆ ಹಳಿ ನಿರ್ವಹಣೆಯ ಕಾರ್ಮಿಕರು, ಮಳೆಯಲ್ಲಿ ನೆನೆಯುತ್ತಾ ವಾರಕ್ಕೊಮ್ಮೆ ಜಲ್ಲಿ ತುರುಕಿ ಹಳಿಯನ್ನು ಎತ್ತಿ ನಿಲ್ಲಿಸಿದರು. ಆ ಗ್ಯಾಂಗ್‌ನ ಹಿರಿಯರೊಬ್ಬರು ನನ್ನನ್ನು ಬೈಯಲಿಲ್ಲ. ‘ಸಾಹೇಬರೇ, ಇಲ್ಲಿ ಒಳಗೆ ಪೊಳ್ಳು’ ಎಂದಷ್ಟೇ ಹೇಳಿದರು. ನನ್ನ ಸಹಿ ಇರುವ ರಿಜಿಸ್ಟರ್‌ನಲ್ಲಿ ಅದು ಗಟ್ಟಿ ಎಂದೇ ಇದೆ, ಇವತ್ತಿಗೂ.

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಮಾರ್ಗ ಸಿದ್ಧವಾದ ಮೇಲೆ ಪ್ರಯಾಣಿಕರ ರೈಲು ಓಡಿಸಲು ರೈಲ್ವೆ ಸುರಕ್ಷತಾ ಆಯುಕ್ತರ ಅನುಮತಿ ಬೇಕು. ಈ ಆಯೋಗ ರೈಲ್ವೆ ಸಚಿವಾಲಯದ ಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಆಡಳಿತದಲ್ಲಿದೆ. ಕಟ್ಟುವವರೂ ಪರೀಕ್ಷಿಸುವವರೂ ಒಂದೇ ಮನೆಯವರಾಗಬಾರದು ಎಂಬ ವಿವೇಕ ಅದು. ಆಯುಕ್ತರು ಮೋಟಾರ್ ಟ್ರಾಲಿಯಲ್ಲಿ ಮಾರ್ಗವನ್ನು ಉದ್ದಕ್ಕೂ ನೋಡುತ್ತಾರೆ. ಹಳಿಗಳ ನಡುವಿನ 1676 ಮಿಲಿಮೀಟರ್ ಅಂತರ ಅಳೆಸುತ್ತಾರೆ, ಸೇತುವೆಯ ತೊಲೆಗಳು ಕೂರುವ ಬೇರಿಂಗ್ ನೋಡುತ್ತಾರೆ, ಕೊನೆಗೆ ವೇಗದ ಪರೀಕ್ಷೆ ನಡೆಸುತ್ತಾರೆ. ಎಷ್ಟೇ ಚುರುಕು ಕಣ್ಣಿದ್ದರೂ ಆರು ಮೀಟರ್ ಆಳದಲ್ಲಿ ಹೂತ ಅಂಥದೊಂದು ಪದರವನ್ನು ಅವರು ನೋಡಲಾರರು. ಆ ಪದರದ ಬಗ್ಗೆ ಜಗತ್ತಿನಲ್ಲಿ ಉಳಿಯುವ ಸಾಕ್ಷಿ ಒಂದೇ: ಒಬ್ಬ ಇಪ್ಪತ್ತಮೂರು ವರ್ಷದ ಎಂಜಿನಿಯರ್ ಮುಸ್ಸಂಜೆಯಲ್ಲಿ ಬರೆದಿಟ್ಟ ಅಂಕಿ. ಆ ಅಂಕಿಯನ್ನು ಒಂಟಿಯಾಗಿ, ಒತ್ತಡದ ನಡುವೆ, ಇದ್ದದ್ದು ಇದ್ದಂತೆ ಬರೆಯುವುದು ನಿಮ್ಮಿಂದ ಆಗುತ್ತದೆಯೇ? ಬಿಸಿಲು, ಧೂಳು, ಸಂಬಳ, ವರ್ಗಾವಣೆ ಎಲ್ಲಕ್ಕಿಂತ ಮೊದಲು ನೀವು ನಿಮಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಕಾಲದ ವಿಷಯದಲ್ಲೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕೊಂಕಣ ರೈಲ್ವೆಯ ಕಥೆ ಕೇಳಿ ಈ ಕ್ಷೇತ್ರಕ್ಕೆ ಬರುವ ಹುಡುಗರು ಬಹಳ. 1990ರಲ್ಲಿ ನಿಗಮ ಹುಟ್ಟಿತು, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 740 ಕಿಲೋಮೀಟರ್‌ನಷ್ಟು ಉದ್ದದ ಮಾರ್ಗ 1998ರ ಜನವರಿ 26ರಂದು ಉದ್ಘಾಟನೆಯಾಯಿತು. ಎಂಟು ವರ್ಷಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗ, ಸುಮಾರು ಎರಡು ಸಾವಿರ ಸೇತುವೆ. ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿಲೋಮೀಟರ್‌ಗಿಂತ ಉದ್ದ. ಆದರೆ ಅದು ಅಪರೂಪದ ವೇಗ. ಬೆಂಗಳೂರು–ಹಾಸನ ಹೊಸ ಮಾರ್ಗ 1996ರ ಸುಮಾರಿಗೆ ಮಂಜೂರಾಗಿ, ಪೂರ್ತಿ ತೆರೆದುಕೊಂಡದ್ದು 2017ರಲ್ಲಿ. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಿಂದಲೂ ಮಾತಿನಲ್ಲಿದೆ, ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಲ್ಲಿ ನಿಂತಿದೆ. ಸಮೀಕ್ಷೆ ಮಾಡಿದವರೇ ಮೊದಲ ರೈಲಿಗೆ ಹಸಿರು ಬಾವುಟ ತೋರಿಸುವ ದಿನ ಅಲ್ಲಿರುವುದು ತೀರ ಕಡಿಮೆ.

ಈ ವಿಳಂಬದ ನಡುವೆ ಎಂಜಿನಿಯರ್ ಏನು ಮಾಡುತ್ತಾರೆ? ಬಹುಮಟ್ಟಿಗೆ ಭೂಮಿಯ ಕೆಲಸ, ಎಂದರೆ ಭೂಸ್ವಾಧೀನ. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ. ಗ್ರಾಮ ನಕ್ಷೆ, ಪಹಣಿ, ಜಂಟಿ ಅಳತೆ, ತಹಶೀಲ್ದಾರರ ಕಚೇರಿ, ಅರಣ್ಯ ಇಲಾಖೆಯ ಮರಗಳ ಎಣಿಕೆ. ಒಮ್ಮೆ ಒಬ್ಬ ರೈತರು ನನ್ನನ್ನು ಹೊಲದ ಬದುವಿನಲ್ಲಿ ಕೂರಿಸಿಕೊಂಡು, ‘ನಿಮ್ಮವರು ಕಲ್ಲು ನೆಟ್ಟು ಹೋಗಿ ಎಂಟು ವರ್ಷವಾಯಿತು. ಬೋರ್‌ವೆಲ್ ಹಾಕಿಸಲೂ ಧೈರ್ಯವಿಲ್ಲ, ಮಾರಲು ಹೋದರೆ ಕೊಳ್ಳುವವರಿಲ್ಲ, ಪರಿಹಾರವೂ ಬಂದಿಲ್ಲ’ ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಕ್ಷೆಯ ಮೇಲೆ ನಾವು ಎಳೆಯುವ ಗೆರೆ ಯಾರದೋ ಬಾವಿಯನ್ನೋ ತೆಂಗಿನ ಸಾಲನ್ನೋ ದಾಟಿ ಹೋಗುತ್ತದೆ. ಕಡತ ಎಲ್ಲಿ ನಿಂತಿದೆ ಎಂದು ಅವರಿಗೆ ನಿಜ ಹೇಳುವುದು, ಕಚೇರಿಯಿಂದ ಕಚೇರಿಗೆ ಅದನ್ನು ತಳ್ಳಿಸುವುದು ಕೂಡ ಕಾಂಕ್ರೀಟ್ ಹಾಕಿಸುವಷ್ಟೇ ಎಂಜಿನಿಯರಿಂಗ್ ಎಂಬುದು ನನ್ನ ಅಭಿಪ್ರಾಯ. ಆ ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ. ನಿಮ್ಮ ಭಾಷೆ ಅಲ್ಲಿ ದೊಡ್ಡ ಬಲ.

ಸಮೀಕ್ಷೆಯ ಹಂತದ ಒಂದು ಮಾತು. ಅಲ್ಲಿ ಒಪ್ಪಿಕೊಂಡದ್ದನ್ನು ರೈಲುಗಳು ಎಂದೆಂದಿಗೂ ಹೊರುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಕ್ಯಾಸಲ್‌ರಾಕ್–ಕುಲೆಂ ನಡುವೆ ಇನ್ನೂ ಕಡಿದು, ಮೂವತ್ತೇಳಕ್ಕೆ ಒಂದು. ಇಂಥ ಏರನ್ನು ಹತ್ತುವ ಭಾರದ ರೈಲಿಗೆ ಹೆಚ್ಚುವರಿ ಎಂಜಿನ್ ಜೋಡಿಸಲೇಬೇಕು, ಪ್ರತಿ ಸಲವೂ. ಸಕಲೇಶಪುರ ಘಾಟಿಯ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ. ಮೀಟರ್‌ಗೇಜ್ ಮಾರ್ಗ 1979ರಲ್ಲಿ ತೆರೆಯಿತು. ಬ್ರಾಡ್‌ಗೇಜ್‌ಗೆ ಬದಲಿಸಲೆಂದು 1996ರಲ್ಲಿ ಮುಚ್ಚಿದ್ದು, ಪ್ರಯಾಣಿಕರಿಗೆ ಮತ್ತೆ ತೆರೆದದ್ದು 2007ರ ಡಿಸೆಂಬರ್‌ನಲ್ಲಿ. 2018ರ ಆಗಸ್ಟ್‌ನಲ್ಲಿ, 2024ರ ಜುಲೈಯಲ್ಲಿ ಮತ್ತೆ ಗುಡ್ಡ ಜಾರಿ ರೈಲು ನಿಂತಿತು. ಮಣ್ಣು ನೀರು ಕುಡಿದಾಗ ಅದರ ಸ್ವಭಾವವೇ ಬದಲಾಗುತ್ತದೆ. ಇಳಿಜಾರು ಕಡಿಯುವಾಗ ಎಷ್ಟು ಓರೆ ಬಿಡಬೇಕು, ನೀರು ಹೊರಹೋಗಲು ಮೇಲ್ಭಾಗದಲ್ಲಿ ಕಾಲುವೆ ಎಲ್ಲಿ ತೋಡಬೇಕು ಎಂಬ ಎರಡು ಪ್ರಶ್ನೆಗಳಲ್ಲಿ ಘಟ್ಟದ ಎಂಜಿನಿಯರಿಂಗ್‌ನ ಅರ್ಧ ಇದೆ. ಹಣ ಉಳಿಸಲೆಂದು ನೆಟ್ಟಗೆ ಕಡಿದ ಗೋಡೆ ಮುಂದೆ ಒಂದಲ್ಲ ಒಂದು ಮಳೆಗಾಲದಲ್ಲಿ ಆ ಸಾಲವನ್ನು ವಸೂಲಿ ಮಾಡುತ್ತದೆ. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ ಕಡಿದ ಗುಡ್ಡದಿಂದ ಹಳಿಗೆ ಬಿದ್ದ ಬಂಡೆ–ಮಣ್ಣಿಗೆ ರೈಲು ಗುದ್ದಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಬಳಿಕ ಕೊಂಕಣ ಮಾರ್ಗದಲ್ಲಿ ಇಳಿಜಾರುಗಳನ್ನು ಭದ್ರಪಡಿಸಲು ವರ್ಷಗಳ ಕಾಲ ದುಡಿಯಬೇಕಾಯಿತು.

ಸುರಂಗದ ಆಸೆಯನ್ನೂ ಬರೆದಿದ್ದೀರಿ. ಬಂಡೆ ಗಟ್ಟಿಯಿದ್ದರೆ ಸುರಂಗ ಸುಲಭ. ಕೊಂಕಣದಲ್ಲಿ ಆರೂವರೆ ಕಿಲೋಮೀಟರ್‌ನ ಕರಬುಡೆ ಸುರಂಗಕ್ಕಿಂತ ಹೆಚ್ಚು ಕಾಡಿದ್ದು ಜೇಡಿಮಣ್ಣಿನಲ್ಲಿ ಕೊರೆದ ಒಂಬತ್ತು ಸಣ್ಣ ಸುರಂಗಗಳು. ನೀರು ತುಂಬಿದ ಆ ಮಣ್ಣು ಅಗೆದಷ್ಟೂ ಹಿಟ್ಟಿನಂತೆ ಒಳಕ್ಕೆ ಬರುತ್ತಿತ್ತು. ಅಂಥದ್ದೇ ಮಣ್ಣಿನ ಗೋವಾದ ಪೆರ್ನೆಂ ಸುರಂಗದಲ್ಲಿ 2024ರ ಜುಲೈಯಲ್ಲೂ ನೀರು ನುಗ್ಗಿ ಸಂಚಾರ ನಿಂತದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಸುರಂಗದಲ್ಲಿ ಪ್ರತಿ ಸ್ಫೋಟದ ನಂತರ ಭೂವಿಜ್ಞಾನಿ ಬಂಡೆಯ ಮುಖವನ್ನು ಓದುತ್ತಾರೆ, ಬಿರುಕಿನ ದಿಕ್ಕು ಬರೆದುಕೊಳ್ಳುತ್ತಾರೆ, ಅದರ ಪ್ರಕಾರ ಕಾಂಕ್ರೀಟ್ ಸಿಂಪಡಣೆ ಎಷ್ಟು ದಪ್ಪ, ಬಂಡೆಯೊಳಕ್ಕೆ ಹೂಡುವ ಬೋಲ್ಟ್ ಎಷ್ಟು ಉದ್ದ ಎಂದು ತೀರ್ಮಾನವಾಗುತ್ತದೆ. ಇದರ ಜೊತೆಗೆ ಹಳೆಯ ಕೆಲಸಗಾರರು ಕಲಿಸುವ ಒಂದು ಪಾಠವಿದೆ: ಸೋರುವ ನೀರಿನ ಬಣ್ಣ ನೋಡು. ಛಾವಣಿಯಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಬಕೆಟ್ ಇಟ್ಟು ಅಳೆದುಕೊಂಡು ಕೆಲಸ ಮುಂದುವರಿಸಬಹುದು. ಅದೇ ನೀರು ಕದಡಿ ಕೆಂಪಾಯಿತೆಂದರೆ ಮೇಲೆ ಎಲ್ಲೋ ಮಣ್ಣು ಕೊಚ್ಚಿ ಬರುತ್ತಿದೆ, ಟೊಳ್ಳು ಬೆಳೆಯುತ್ತಿದೆ. ಆಗ ಯಾರ ಅಪ್ಪಣೆಗೂ ಕಾಯದೆ ಜನರನ್ನು ಹೊರಗೆ ಕಳುಹಿಸಬೇಕು. ಸೈಟಿನಲ್ಲಿ ಅತ್ಯಂತ ಕಿರಿಯ ಎಂಜಿನಿಯರ್ ನೀವೇ ಆಗಿದ್ದರೂ ಆ ನಿರ್ಧಾರ ನಿಮ್ಮದೇ. ಆಮೇಲೆ ಏನೂ ಆಗದೆ ಒಂದು ಪಾಳಿಯ ಕೆಲಸ ಹಾಳಾಯಿತೆಂದು ಯಾರಾದರೂ ಗೊಣಗಿದರೆ ಗೊಣಗಲಿ.

ಇತ್ತೀಚೆಗೆ ಹೊಸ ಮಾರ್ಗಕ್ಕಿಂತ ಜೋಡಿಮಾರ್ಗದ ಕೆಲಸವೇ ಹೆಚ್ಚು. ಪಕ್ಕದ ಹಳಿಯಲ್ಲಿ ರೈಲು ಓಡುತ್ತಿರುವಾಗಲೇ ಕಟ್ಟಬೇಕು. ಹಳೆ ಮಾರ್ಗವನ್ನು ಮುಟ್ಟಬೇಕಾದರೆ ಸಂಚಾರ ನಿಲ್ಲಿಸಿ ಕೊಡುವ ಮೂರು ನಾಲ್ಕು ಗಂಟೆಯ ‘ಬ್ಲಾಕ್’ನಲ್ಲಿ, ಸಾಮಾನ್ಯವಾಗಿ ರಾತ್ರಿ, ನಿಮಿಷ ನಿಮಿಷಕ್ಕೂ ಲೆಕ್ಕವಿಟ್ಟು ಮುಗಿಸಬೇಕು. ಆ ರಾತ್ರಿಗಳ ಉಸಿರುಗಟ್ಟುವ ಸಿದ್ಧತೆ, ಕಡೆಗೆ ಮೊದಲ ರೈಲು ಮೆಲ್ಲಗೆ ದಾಟಿ ಹೋದಾಗ ಎಲ್ಲರೂ ಒಮ್ಮೆಲೇ ಮಾತಾಡತೊಡಗುವುದು, ಇವೆರಡೂ ನನಗೆ ಈಗಲೂ ಕನಸಿನಲ್ಲಿ ಬರುತ್ತವೆ.

ಇನ್ನು ಸೇರುವ ದಾರಿ. ರೈಲ್ವೆಯ ಅಧಿಕಾರಿ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸೇವಾ ಪರೀಕ್ಷೆ. ನಡುವೆ ಕೆಲವು ವರ್ಷ ಈ ನೇಮಕಾತಿಯನ್ನು ಸಿವಿಲ್ ಸೇವಾ ಪರೀಕ್ಷೆಗೆ ಒಯ್ದಿದ್ದರು. 2024ರ ಅಕ್ಟೋಬರ್‌ನಲ್ಲಿ ಆ ನಿರ್ಧಾರ ಬದಲಾಗಿ, ತಾಂತ್ರಿಕ ವಿಭಾಗಗಳು 2025ರ ಪರೀಕ್ಷೆಯಿಂದ ಎಂಜಿನಿಯರಿಂಗ್ ಸೇವೆಗೆ ಮರಳಿವೆ. ಸರಿಯಾದ ತಿದ್ದುಪಡಿ ಎಂದೇ ನನ್ನ ಭಾವನೆ. ವಯೋಮಿತಿ ಸಾಮಾನ್ಯ ವರ್ಗಕ್ಕೆ 21ರಿಂದ 30. ಎರಡನೆಯದು ರೈಲ್ವೆ ನೇಮಕಾತಿ ಮಂಡಳಿಯ ಜೂನಿಯರ್ ಎಂಜಿನಿಯರ್ ಪರೀಕ್ಷೆ. ಡಿಪ್ಲೊಮಾ ಅಥವಾ ಪದವಿ ಸಾಕು, ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಏಳನೇ ವೇತನ ಆಯೋಗದ ಪ್ರಕಾರ ಜೂನಿಯರ್ ಎಂಜಿನಿಯರ್‌ಗೆ ಆರಂಭದ ಮೂಲ ವೇತನ 35,400 ರೂಪಾಯಿ, ಅಧಿಕಾರಿಗೆ 56,100, ಭತ್ಯೆಗಳು ಬೇರೆ. ಹಳಿಯ ಮೇಲಿನ ಹುದ್ದೆಗಳಿಗೆ ಕಣ್ಣಿನ ಮಾನದಂಡ ಬಿಗಿ. ವರ್ಷಗಟ್ಟಲೆ ಓದಿ, ಪಾಸಾಗಿ, ವೈದ್ಯಕೀಯ ಪರೀಕ್ಷೆಯಲ್ಲಿ ಬಣ್ಣಗುರುಡಿನಿಂದ ಹೊರಬಿದ್ದವರನ್ನು ಕಂಡಿದ್ದೇನೆ. ಓದಲು ಕೂರುವ ಮೊದಲೇ ಕಣ್ಣು ಪರೀಕ್ಷಿಸಿಕೊಳ್ಳಿ.

ಸರ್ಕಾರಿ ಹುದ್ದೆಯೇ ಆಗಬೇಕೆಂದಿಲ್ಲ. ರೈಲ್ವೆ ಸಚಿವಾಲಯದ ಕಂಪನಿಗಳಾದ ಆರ್‌ವಿಎನ್‌ಎಲ್, ಇರ್ಕಾನ್, ರೈಟ್ಸ್, ಬೆಂಗಳೂರು ಉಪನಗರ ರೈಲು ಕಟ್ಟುತ್ತಿರುವ ಕೆ–ರೈಡ್, ಮೆಟ್ರೊ ನಿಗಮ, ದೊಡ್ಡ ಗುತ್ತಿಗೆ ಕಂಪನಿಗಳು ಇವೆ. ಗುತ್ತಿಗೆ ಕಂಪನಿಯಲ್ಲಿ ಕೈಕೆಲಸ ಬೇಗ ಕಲಿಯುತ್ತೀರಿ, ನೆಮ್ಮದಿ ಕಡಿಮೆ. ರೈಲ್ವೆಗೇ ಸೇರಿದರೆ ಒಂದು ಮಾತು ಕೇಳಿ: ಮೊದಲ ಮೂರು ನಾಲ್ಕು ವರ್ಷ ನಿರ್ವಹಣಾ ವಿಭಾಗದಲ್ಲಿ, ಓಡುವ ಮಾರ್ಗದ ಮೇಲೆ ಕೆಲಸ ಮಾಡಿ, ಆಮೇಲೆ ನಿರ್ಮಾಣಕ್ಕೆ ಬನ್ನಿ. ಕಟ್ಟಿದ್ದು ಎಲ್ಲಿ ಸೋಲುತ್ತದೆ ಎಂದು ಕಂಡವರು ಕಟ್ಟುವಾಗ ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಪುಣೆಯಲ್ಲಿರುವ ರೈಲ್ವೆಯ ಸಿವಿಲ್ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ತರಬೇತಿ ಸಿಕ್ಕಾಗ ಭೂತಂತ್ರಜ್ಞಾನದ, ಎಂದರೆ ಮಣ್ಣು–ಬಂಡೆಯ ಎಂಜಿನಿಯರಿಂಗ್‌ನ, ಪಾಠಗಳನ್ನು ಬಿಡಬೇಡಿ.

ಹೆಣ್ಣುಮಗಳು ನಿಭಾಯಿಸಬಹುದೇ ಎಂದು ಕೇಳಿದ್ದೀರಿ. ಚಿನಾಬ್ ಸೇತುವೆಯ ಇಳಿಜಾರುಗಳನ್ನು ಭದ್ರಪಡಿಸುವ ಕೆಲಸಕ್ಕೆ ಹದಿನೇಳು ವರ್ಷ ಸಲಹೆಗಾರರಾಗಿ ದುಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಮಾಧವಿ ಲತಾ. ಕೊರೆದಂತೆಲ್ಲ ಬಂಡೆಯ ಸ್ವರೂಪ ಬದಲಾಗುತ್ತಿದ್ದುದರಿಂದ ಅಲ್ಲಿ ಕೆಲಸ ನಡೆದಂತೆಯೇ ವಿನ್ಯಾಸವನ್ನೂ ತಿದ್ದುತ್ತಾ ಹೋಗಬೇಕಾಯಿತು. ಸಾಮರ್ಥ್ಯದ ಪ್ರಶ್ನೆ ಅಲ್ಲಿಗೇ ಮುಗಿಯಿತು. ಕಷ್ಟ ಇರುವುದು ಸಣ್ಣ ಸಂಗತಿಗಳಲ್ಲಿ: ಸೈಟಿನಲ್ಲಿ ಶೌಚಾಲಯ, ರಾತ್ರಿ ಬ್ಲಾಕ್ ಮುಗಿದ ಮೇಲೆ ಮನೆ ಸೇರಲು ವಾಹನ, ತಂಗಲು ಕೊಠಡಿ. ನನ್ನ ಕೈಕೆಳಗೆ ಕೆಲಸ ಮಾಡಿದ ಇಬ್ಬರು ಹೆಣ್ಣುಮಕ್ಕಳು ಮೊದಲ ವಾರವೇ ಇವನ್ನು ಬರೆದು ಕೇಳಿದರು, ಸಿಕ್ಕವು. ಅವರು ಕೇಳಿದ್ದರಿಂದ ಅಲ್ಲಿದ್ದ ಮಹಿಳಾ ಕಾರ್ಮಿಕರಿಗೂ ಸಿಕ್ಕವು. ಅಷ್ಟು ದಿನ ನನಗೇ ತೋಚದೆ ಹೋಗಿತ್ತಲ್ಲ ಎಂಬ ನೋವು ನನಗಿದೆ. ಸಂಕೋಚ ಬೇಡ, ಬರೆದು ಕೇಳಿ.

ಸಾಫ್ಟ್‌ವೇರ್‌ನವರ ಸಂಬಳಕ್ಕೆ ನಿಮ್ಮದನ್ನು ಹೋಲಿಸಿದರೆ ಮೊದಲ ಹತ್ತು ವರ್ಷ ಬೇಸರವಾಗಬಹುದು. ವರ್ಗಾವಣೆಯಿಂದ ಮಕ್ಕಳ ಶಾಲೆ ಬದಲಾಗುತ್ತದೆ. ಇವನ್ನು ಮುಚ್ಚಿಡುವುದಿಲ್ಲ.

ಕೊನೆಗೆ ನಿಮ್ಮ ತಂದೆಯವರ ವಿಷಯ. ಅವರೊಡನೆ ವಾದ ಮಾಡಬೇಡಿ. ಒಂದು ಸಂಜೆ ಪಕ್ಕದಲ್ಲಿ ಕುಳಿತು, ‘ಅಪ್ಪ, ನಿಮ್ಮ ಸೆಕ್ಷನ್‌ನಲ್ಲಿ ಪ್ರತಿ ಮಳೆಗಾಲದಲ್ಲೂ ಹಳಿ ತಗ್ಗುವ ಜಾಗ ಯಾವುದು?’ ಎಂದು ಕೇಳಿ. ಕಿಲೋಮೀಟರ್ ಸಂಖ್ಯೆ ಸಮೇತ ತಟ್ಟನೆ ಹೇಳುತ್ತಾರೆ. ಅದು ಸೇತುವೆಯ ಗೋಡೆಯ ಹಿಂದೆಯೇ, ದಿಬ್ಬ ಕಡಿದ ಭಾಗ ಮುಗಿದು ಏರಿ ಶುರುವಾಗುವಲ್ಲಿಯೇ, ಪಕ್ಕದ ಚರಂಡಿಯಲ್ಲಿ ನೀರು ಹರಿಯುತ್ತದೆಯೋ ನಿಲ್ಲುತ್ತದೆಯೋ, ಜಲ್ಲಿಯ ನಡುವೆ ಕೆಸರು ಮೇಲೆ ಬಂದಿದೆಯೇ, ಯಾವ ತಿಂಗಳಲ್ಲಿ ಶುರುವಾಗಿ ಯಾವಾಗ ನಿಲ್ಲುತ್ತದೆ, ಇಷ್ಟನ್ನೂ ಕೇಳಿ ಒಂದು ಪುಟದಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮ ಊಹೆ ಬರೆಯಿರಿ: ಒಳಗೆ ಏನು ತಪ್ಪಾಗಿರಬಹುದು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಅದನ್ನೇ ತೆಗೆದುಕೊಳ್ಳಿ. ಹಳಿಯ ಹತ್ತಿರ ಹೋಗಿ ನೋಡಬೇಕಾದರೆ ಕಾಲೇಜಿನಿಂದ ಪತ್ರ ಬರೆಸಿ ವಿಭಾಗದ ಎಂಜಿನಿಯರ್ ಕಚೇರಿಯಲ್ಲಿ ಅನುಮತಿ ಪಡೆಯಿರಿ. ಆ ಪುಟ ಸಿದ್ಧವಾದಾಗ ನನಗೂ ಒಂದು ಪ್ರತಿ ಕಳುಹಿಸಿ. ನಿಮ್ಮ ಊಹೆಯನ್ನು ತಂದೆಯವರಿಗೆ ಮೊದಲು ಓದಿ ಹೇಳಿ, ಅವರು ತಿದ್ದಿದ್ದನ್ನು ಬೇರೆ ಶಾಯಿಯಲ್ಲಿ ಗುರುತು ಹಾಕಿ ಕಳುಹಿಸಿ.